ಮೂರನೆಯ ಸೊನ್ನೆ

"ಇವನಿಗೆ ಮತ್ತೆ ಸೊನ್ನೆ," ಎಂದು ಹರಿಣಾಕ್ಷಿ ಕನ್ನಡಕ ತೆಗೆದು ಮೇಜಿನ ಮೇಲೆ ಕುಕ್ಕಿದಳು.

ಮಣಿಪಾಲದ ಆ ಕಚೇರಿಯಲ್ಲಿ ಅವಳ ಕೆಲಸ ಇಷ್ಟೇ: ರಾಜಕೀಯದವರು ಫೇಸ್‌ಬುಕ್ಕಿನಲ್ಲಿ ಹಾಕಿದ ಮಾತು ಓದುವುದು, ಸಭ್ಯತೆಗೆ ಐದರಲ್ಲಿ ಅಂಕ ಕೊಡುವುದು. ಹೆಸರು ಕಾಣದು, ನಂಬರು ಮಾತ್ರ. ಮೂವತ್ತು ವರ್ಷ ಮನೆಮನೆಗೆ ಮೀನು ಹೊತ್ತು ಮೊಣಕಾಲು ಸವೆದ ಮೇಲೆ ಸಿಕ್ಕಿದ ಕುರ್ಚಿ ಅದು.

ಹದಿನೇಳನೇ ನಂಬರಿನವನು ಎದುರು ಪಕ್ಷದವನಿಗೆ ಹಾಕಿದ ಮಾತು ಪರದೆಯ ಮೇಲಿತ್ತು: 'ತಮ್ಮ ಭಾಷಣವು ಒಣಮೀನಿನಂತೆ; ನಾಲ್ಕು ಮನೆಗೆ ನಾತ, ಒಂದು ಹೊಟ್ಟೆಗೂ ಸಾಲದು. ಕೊಳೆತ ಬಂಗುಡೆಗೂ ತಮಗಿಂತ ಹೆಚ್ಚು ನಾಚಿಕೆಯಿದೆ.'

ಮೇಲ್ವಿಚಾರಕಿ ಪ್ರಣೀತಾ ಬಗ್ಗಿ ನೋಡಿದಳು. ನಗು ತಡೆದುಕೊಂಡಳು.

"ಅಕ್ಕಾ, ಒಂದಾದರೂ ಅಂಕ ಕೊಡಿ. ಲೀಡರುಗಳು ಇದನ್ನೆಲ್ಲ ಸ್ವಂತ ಬರೆಯುವುದಿಲ್ಲ. ಪಟ್ಟಿ ಪಕ್ಷದ ಆಫೀಸಿಗೆ ಹೋಗ್ತದೆ. ಮೂರು ಸೊನ್ನೆ ಬಿದ್ದರೆ ಬರೆದುಕೊಡುವ ಹುಡುಗನ ಕೆಲಸ ಹೋಯಿತು. ಇವನಿಗೆ ಆಗಲೇ ಎರಡಾಗಿದೆ."

ಹರಿಣಾಕ್ಷಿಯ ಕೈ ಒಂದು ಗಳಿಗೆ ತಡೆಯಿತು. ಯಾರದೋ ಮನೆಯ ಅನ್ನ.

ಅವಳ ಮಗ ಲಕ್ಷಿತನಿಗೂ ಕಾಪುವಿನಲ್ಲಿ ಕಂಪ್ಯೂಟರಿನ ಕೆಲಸ. ಬರುವ ತಿಂಗಳು ಪರ್ಮನೆಂಟು ಆಗಬೇಕಿತ್ತು. ಮನೆಯಲ್ಲಿ ಮಾತ್ರ ಸೋಮಾರಿ. ಒಂದು ತಿಂಗಳಿಂದ ದಿನವೂ ಒದ್ದೆ ಟವೆಲು ಮಂಚದ ಮೇಲೆ. ಅವಳು ತುಳುವಿನಲ್ಲಿ ಒಂದು ಸುತ್ತು ಬೈಗುಳ ಶುರುಮಾಡಿದರೆ ಎದುರಾಡುತ್ತಿರಲಿಲ್ಲ. ಮೊಬೈಲು ಹಿಡಿದು ಕೂತು, "ಮತ್ತೆ?" ಎನ್ನುತ್ತಿದ್ದ. ತಾಯಿಯ ಮಾತು ಇಷ್ಟು ತಾಳ್ಮೆಯಿಂದ ಕೇಳುವ ಮಗ ಉದ್ಯಾವರದಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

"ಈ ಹದಿನೇಳಕ್ಕೆ ತಾಯಿ ಎಂಬವಳು ಉಂಟಾ ಇಲ್ವಾ? ಇದ್ದರೆ ಎಂತ ಕಲಿಸಿದ್ದು ಅವಳು?"

ಸೊನ್ನೆ ಒತ್ತಿದಳು.

ಎರಡು ದಿನ ಕಳೆದು ಸಂಜೆ ಬಸ್ಸಿಳಿದು ಬಂದಾಗ ಲಕ್ಷಿತ್ ಜಗಲಿಯ ಮೆಟ್ಟಿಲಲ್ಲಿ ಕೂತಿದ್ದ. ಟವೆಲು ಹಗ್ಗದ ಮೇಲೆ ನೀಟಾಗಿ ಒಣಗುತ್ತಿತ್ತು.

"ಕೆಲಸ ಹೋಯಿತು ಅಮ್ಮ."

"ಎಂತಕ್ಕೆ?"

"ನಮ್ಮ ಲೀಡರಿಗೆ ಫೇಸ್‌ಬುಕ್ಕಿನ ಮಾತು ಬರೆದುಕೊಡುವುದು ನಾನೇ. ಮಣಿಪಾಲದಲ್ಲಿ ಯಾರೋ ಮೂರು ಸೊನ್ನೆ ಕೊಟ್ಟಿದ್ದಾರೆ. ಬಂಗುಡೆಗೆ ಮೂರನೆಯದು."

ಹರಿಣಾಕ್ಷಿಯ ಚೀಲ ಭುಜದಿಂದ ಜಾರಿ ನೆಲಕ್ಕೆ ಬಿತ್ತು.

"ಅದು ನೀನಾ ಮಾರಾಯ! ಅಂಥ ಮಾತು ಎಲ್ಲಿ ಕಲಿತದ್ದು? ನಮ್ಮ ಮನೆಯಲ್ಲಿ ಯಾರಾದರೂ ಹಾಗೆ ಮಾತಾಡುವುದುಂಟಾ?"

"ನಾನು ಕನ್ನಡ ಮಾಡಿದ್ದು ಮಾತ್ರ," ಎಂದು ಲಕ್ಷಿತ್ ಮೊಬೈಲು ಒತ್ತಿದ.

ಒಣಮೀನು, ನಾಲ್ಕು ಮನೆಯ ನಾತ, ಕೊಳೆತ ಬಂಗುಡೆ, ಅದರ ನಾಚಿಕೆ ಎಲ್ಲವೂ ಒಂದರ ಹಿಂದೊಂದು ತುಳುವಿನಲ್ಲಿ ಹೊರಬಿದ್ದವು, ಹರಿಣಾಕ್ಷಿಯದೇ ದನಿಯಲ್ಲಿ, ನಡುನಡುವೆ ಮಗನ "ಮತ್ತೆ?"