ಗಾಜಿನೊಳಗಿನ ತೋಟ

ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಅಜ್ಜಿಯ ಕತೆಯ ನೀರೊಳಗಿನ ಅರಮನೆಯನ್ನು ನೆನೆದು, ತವರಾದ ಗಡಹಿಂಗ್ಲಜದ ಹೊಳೆಯಿಂದ ತಂದ ಮೀನು, ಬಳ್ಳಿ, ಉಸುಕಿನಿಂದ ಶಿವಲೀಲಾ ಗಾಜಿನ ಪೆಟ್ಟಿಗೆಯಲ್ಲಿ ಕಟ್ಟಿದ ತೋಟ ಬೆಳ್ಳಗೆ ಕದಡಿತ್ತು. ಮಗ್ಗದ ನೂಲಿಗೆ ಗಂಜಿ ಕಲಸುವ ಬಕೆಟ್ಟನ್ನು ತೊಳೆಯದೆ, ಅದರಲ್ಲೇ ಅವಳು ಹೊಸ ನೀರು ಹೊತ್ತು ತಂದು ಸುರಿದಿದ್ದಳು.

"ಅತ್ತ್ಯಾರ, ಸಾಯಾಕತ್ತಾವ್ರಿ! ತವರಿಂದ ತಂದದ್ದು ಇವಷ್ಟಽ..."

ಚನ್ನವ್ವ ಬಾಗಿಲಲ್ಲಿ ನಿಂತಳು. 'ಲಿಂಗಾಯತರ ಮನ್ಯಾಗ ಮೀನಂತ! ಇಚಲಕರಂಜಿ ಊರೆಲ್ಲಾ ನಗಾಕತ್ತೈತಿ' ಎಂದು ದಿನವೂ ಗೊಣಗುತ್ತಿದ್ದ ಅತ್ತೆ, ಆ ಪೆಟ್ಟಿಗೆಯತ್ತ ಒಮ್ಮೆಯೂ ಕಣ್ಣೆತ್ತಿ ನೋಡಿದವಳಲ್ಲ.

"ಅಳೂದು ಆಮ್ಯಾಲ. ಗಡಿಗಿ ಹಿಡಿ, ಹುಚ್ಚಿ!"

ಕುಡಿಯುವ ನೀರಿನ ಗಡಿಗೆಯನ್ನು ಸೊಸೆಯ ಕೈಗಿತ್ತು, ಚನ್ನವ್ವ ಬಳೆಗಳನ್ನು ಮೇಲೇರಿಸಿದಳು. ಬೆಳಿಗ್ಗೆ ಲಿಂಗಪೂಜೆ ಮಾಡಿದ ಕೈಗಳಿಂದಲೇ ಒಂದೊಂದು ಮೀನನ್ನೂ ಬೊಗಸೆಯಲ್ಲಿ ಎತ್ತಿ ಗಡಿಗೆಗೆ ಬಿಟ್ಟಳು. ಕೊನೆಯದು ಅಂಗೈಯಲ್ಲಿ ಪಟಪಟ ಬಡಿದುಕೊಂಡಿತು.

"ಅಯ್ಯ ಶಿವನ, ಕಚಗುಳಿ ಇಡತೈತಲ್ಲಽ ಇದು!" ಚನ್ನವ್ವ ನಕ್ಕೇಬಿಟ್ಟಳು. "ಉಸುಕು ತೊಳಿ, ಬಳ್ಳಿ ಮತ್ತ ನೆಡು. ಬಾವಿ ನೀರು ನಾ ತರ್ತೇನಿ."

ಶಿವಲೀಲಾ ಗಡಿಗೆಯನ್ನು ಮೆಲ್ಲಗೆ ಕೆಳಗಿಟ್ಟಳು. ಅತ್ತೆಯ ಒದ್ದೆ ಕೈಗಳನ್ನು ತನ್ನ ಸೆರಗಿನಲ್ಲಿ ಹಿಡಿದು, ಬೆರಳು ಬೆರಳಾಗಿ ಒರೆಸತೊಡಗಿದಳು.