ಫೌಜದಾರರು ಓದಿದ ಥ್ರಿಲ್ಲರ್

ನಿವೃತ್ತ ಪೊಲೀಸ್ ಫೌಜದಾರ ಹಿರೇಗೌಡರು ಒಂದೂ ಖೂನಿ ಕೇಸು ಸೋತವರಲ್ಲ. ಪತ್ತೇದಾರಿ ಕಾದಂಬರಿಗಳೆಂದರೆ ಅವರಿಗೆ ಅಸಡ್ಡೆ. ಆದರೂ ಹೊತ್ತು ಹೋಗದೆ ಊರಿನ ಗ್ರಂಥಾಲಯಕ್ಕೆ ಬಂದಾಗ, ಹೊಸ ಗ್ರಂಥಪಾಲಕ ತಾನಾಗಿಯೇ ಒಂದು ಪುಸ್ತಕ ತೆಗೆದುಕೊಟ್ಟ.

"ಇದನ್ನ ಓದ್ರಿ ಸಾಹೇಬ್ರ, ಮೈ ನಡುಗತೈತಿ."

ಮೂರನೆಯ ದಿನ ಗೌಡರು ಅದನ್ನು ಅವನ ಮೇಜಿನ ಮೇಲೆ ಒಗೆದರು.

"ಎಂಥಾ ಕಸಾ ಕೊಟ್ಟೀಯೋ! ಖೂನಿ ಮಾಡಿದಾವ ಸಿಗಲಿಲ್ಲಂತ ಫೌಜದಾರ ದಾರ್ಯಾಗ ಹೊಂಟವನ್ನ ಹಿಡಿದು, ಬಡಿದು, ಸಹಿ ಹಾಕಿಸಿ ಜೈಲಿಗೆ ಕಳಿಸ್ತಾನಂತ. ಓದಿ ನಗು ಬಂತು. ಇದನ್ನ ಬರದಾವ ಜನ್ಮದಾಗ ಪೊಲೀಸ್ ಠಾಣೆ ಕಂಡಿಲ್ಲ ಬಿಡು."

ಗ್ರಂಥಪಾಲಕ ಪುಸ್ತಕವನ್ನೆತ್ತಿ, ಮಡಚಿಹೋಗಿದ್ದ ರಕ್ಷಾಪುಟವನ್ನು ನಿಧಾನವಾಗಿ ನೇರ ಮಾಡಿದ.

"ಬರದಾವ ನಾನರೀ ಸಾಹೇಬ್ರ. ನನ್ನ ಠಾಣೆಗೆ ಎಳಕೊಂಡು ಹೋದವ್ರು ನೀವು."