ಫ್ಲಾಶಿನ ಕಾಲಿಗೆ ಸಿಕ್ಕ ಎಳೆ

ಒಂದೈದು ನಿಮಿಷ ಕೂತ್ಕಳ್ರಿ, ಇದನ್ನ ಪೂರ್ತಿ ಕೇಳಿ ಆಮೇಲೆ ಎದ್ದು ಹೋಗ್ರಿ. ತೊಂಬತ್ತೇಳನೇ ಇಸ್ವಿ, ಮೊಳಕಾಲ್ಮೂರು, ಸೀರೆ ಸಾವ್ಕಾರ್ ಮುರುಗೇಂದ್ರಪ್ಪನ ಪಡಸಾಲೆ. ಚಳ್ಳಕೆರೆಯಿಂದ ಬಂದ ಫೋಟೋಗ್ರಾಫರ್ ಅಜ್ಮತ್ ಬಟನ್ ಮುಟ್ಟೇ ಇಲ್ಲ, ಕ್ಯಾಮೆರಾ ತಲೆ ಮೇಲೆ ಕೂತಿರೋ ಫ್ಲಾಶ್ ತಾನೇ ತಾನಾಗಿ ಫಳ್ ಅಂತೈತೆ! ಚಾರ್ಜ್ ಆಗಿ ಕೆಂಪು ದೀಪ ಹತ್ತೋದೇ ತಡ, ಫಳ್. ಮತ್ತೆ ಕುಂಯ್ ಅಂತ ಚಾರ್ಜ್, ಮತ್ತೆ ಫಳ್. ಇವನು ಬಟನ್ ಒತ್ತೋ ಹೊತ್ತಿಗೆ ಫ್ಲಾಶ್ ಖಾಲಿ. ನಾಲ್ಕು ಫೋಟೋ ಕತ್ತಲಿಗೇ ಹೋದ್ವು.

"ಏನಲೇ, ಸೀರೆ ಫೋಟೋ ತೆಗಿ ಅಂತ ಕರೆಸಿದ್ರೆ ಮಿಂಚು ಬಿಡ್ತಾ ಕೂತಿದೀಯಾ?" ಅಂದ ಮುರುಗೇಂದ್ರಪ್ಪ. ಪಡಸಾಲೆ ಬೀರುವಿನಾಗಿದ್ದ ಸೀರೆಗಳ್ದು ಅಂಗಡಿಗೆ ಒಂದು ಆಲ್ಬಮ್ ಬೇಕಾಗಿತ್ತು ಅವನಿಗೆ. ಮೇಲೆ 'ಅಸಲಿ ಜರಿ ಸೀರೆಗಳು' ಅಂತ ಆಗ್ಲೇ ಬರೆಸಿಟ್ಟಿದ್ದ.

"ಬೆಳಗ್ಗೆ ಸರಿ ಇತ್ತು ಸಾವ್ಕಾರ್ರೇ!" ಅಜ್ಮತ್ ಸೆಲ್ ನಾಲ್ಕೂ ಬದಲಾಯಿಸ್ದ. ಫಳ್. ಫ್ಲಾಶ್ ಬಿಚ್ಚಿ ಕೈಯಾಗೆ ಹಿಡ್ಕಂಡ. ಕೆಂಪು ದೀಪ ಹತ್ತಿ ಸುಮ್ನೆ ಕೂತಿತ್ತು, ಎಷ್ಟು ಹೊತ್ತಾದ್ರೂ ಮಿಂಚಲಿಲ್ಲ. ಕ್ಯಾಮೆರಾಗೆ ಏರಿಸ್ದ, ಫಳ್! ಅಂದ್ರೆ ತಪ್ಪು ಫ್ಲಾಶಿಂದಲ್ಲ, ಅದು ಕೂರೋ ಜಾಗದ್ದು. ಅಜ್ಮತ್ ಒಂದು ಹೊಲಿಯೋ ಸೂಜಿ ಇಸ್ಕಂಡು ಕ್ಯಾಮೆರಾಗೆ ಕಣ್ಣು ಹಚ್ಚಿ ಕೂತ.

ಇತ್ಲಾಗೆ ಬಾಗಿಲತ್ರ ಇನ್ನೊಂದು ಜಗಳ. ನಾಗಕ್ಕ ಒಂದೂವರೆ ತಿಂಗಳು ಮಗ್ಗದ ಗುಂಡಿಯಾಗೆ ಕಾಲು ಇಳಿಬಿಟ್ಟು ನೇಯ್ದ ಮದುವೆ ಸೀರೇನ ಬೆಳಗ್ಗೆ ತಂದುಕೊಟ್ಟಿದ್ಳು. ಮುರುಗೇಂದ್ರಪ್ಪ ಅದನ್ನ ಬೆರಳಿಂದ ತಳ್ಳಿದ. "ನಾನ್ ಕೊಟ್ಟ ಬೆಳ್ಳಿ ಜರಿ ಮಾರ್ಕಂಡು ಪ್ಲಾಸ್ಟಿಕ್ ಜರಿ ಹಾಕಿದೀಯ ನೀನು. ನೆನ್ನೆ ಬಳ್ಳಾರಿ ಗಿರಾಕಿ ಒಂದು ಸೀರೆ ವಾಪಸ್ ತಂದು ಮುಖಕ್ಕೆ ಎಸೆದು ಹೋದ. ಅಗೋ, ಅಲ್ಲೈತೆ. ಇದೂ ಅದೇ ಮಾಲು. ನಾಳೆಯಿಂದ ಈ ಊರಾಗೆ ಒಬ್ಬರೂ ನಿಂಗೆ ನೂಲು ಕೊಡಬಾರ್ದು, ಹಂಗ್ ಮಾಡ್ತೀನಿ."

"ಆ ಸೀರೆ ನನ್ನ ಮಗ್ಗದ್ದೇ ಅಲ್ಲ! ಇಪ್ಪತ್ತು ವರ್ಷದಿಂದ ನೇಯ್ತಿದೀನಿ, ನನ್ನ ಕಳ್ಳಿ ಅಂತೀರಾ?"

"ಸುಟ್ಟು ನೋಡಾಣ. ಪ್ಲಾಸ್ಟಿಕ್ ಆದ್ರೆ ಕರಗ್ತೈತೆ." ಅವನು ಕಡ್ಡಿಪೆಟ್ಟಿಗೆ ತೆಗೀತಿದ್ದಂಗೇ ನಾಗಕ್ಕ ಸೀರೇನ ಎದೆಗೆ ಅವುಚ್ಕಂಬಿಟ್ಳು. "ಯಾವಳೋ ಧಾರೆಗೆ ಉಡೋ ಸೀರೆ ಇದು. ಅವಳು ಉಡೋಕೆ ಮುಂಚೆ ಬೆಂಕಿ ತೋರಿಸ್ತೀರಾ? ಒಂದು ಎಳೇನೂ ಸುಡಾಕೆ ಬಿಡಲ್ಲ ನಾನು."

"ನೋಡಿದ್ಯಾ ಅಜ್ಮತ್? ಭಯ ಹೆಂಗೈತೆ!"

"ಸಿಕ್ತು!" ಅಂತ ಕೂಗಿದ ಅಜ್ಮತ್, ಇವರ ಜಗಳ ಕಿವಿಗೇ ಬಿದ್ದಿಲ್ಲ ಅನ್ನಂಗೆ. ಸೂಜಿ ತುದಿಯಾಗೆ ಅಕ್ಕಿಕಾಳಿನಷ್ಟು ಉದ್ದ ಒಂದು ಬಂಗಾರದ ಬಣ್ಣದ ಎಳೆ. "ಫ್ಲಾಶ್ ಕೂರೋ ಕಡೆ ನಡುವೆ ಒಂದು ಚುಕ್ಕಿ, ಪಕ್ಕದಾಗೆ ತಗಡು. ಅವೆರಡೂ ಸೇರಿದ್ರೆ ಫ್ಲಾಶ್ ಮಿಂಚ್ತೈತೆ. ಈ ಎಳೆ ಅಡ್ಡ ಮಲಗಿ ಎರಡನ್ನೂ ಸೇರಿಸ್ಬಿಟ್ಟಿತ್ತು!" ಮತ್ತೆ ಏರಿಸ್ದ. ಕೆಂಪು ದೀಪ ಹತ್ತಿ ಸುಮ್ನಿತ್ತು. ಬಟನ್ ಒತ್ತಿದ, ಫಳ್. ಒಂದೇ ಸಲ! ಆ ಖುಷಿಯಾಗೆ ಕುಣಿಯಾಕೆ ಹೋದವನು ನಡುವೆ ಗಪ್ಪನೆ ನಿಂತ. ಬೆಳಗ್ಗೆ ರೋಲ್ ಹಾಕುವಾಗ ಫ್ಲಾಶ್ ಬಿಚ್ಚಿ ಕ್ಯಾಮೆರಾ ಬುಡಮೇಲು ಇಟ್ಟಿದ್ದು ನಾಗಕ್ಕ ತಂದ ಮದುವೆ ಸೀರೆ ಸೆರಗಿನ ಮೇಲೆ.

"ಸಾವ್ಕಾರ್ರೇ, ಪ್ಲಾಸ್ಟಿಕ್ ಜರಿ ಮೇಲೆ ಕರೆಂಟ್ ಓಡಲ್ಲ!"

"ಆ ಎಳೆ ಯಾವ ಸೀರೇದೋ, ಯಾರಿಗೊತ್ತು?"

"ಹಂಗಾದ್ರೆ ಕಣ್ಣೆದುರಿಗೇ ನೋಡ್ರಿ. ನಾಗಕ್ಕ, ಆ ಮದುವೆ ಸೀರೆ ಸೆರಗಿನ ತುದಿ ಕೊಡು. ಸುಡಲ್ಲ, ಕೀಳಲ್ಲ." ಫ್ಲಾಶ್ ಬಿಚ್ಚಿ ಬುಡಮೇಲು ಮಾಡಿದ. ಸೆರಗಿನ ತುದಿಯಾಗೆ ಜೋತಾಡ್ತಿದ್ದ ಜರಿ ಎಳೇನ, ಕ್ಯಾಮೆರಾಗೆ ಸಿಕ್ಕಿಸೋ ಅದರ ಕಾಲಿನ ಮೇಲೆ ಅಡ್ಡ ಹಾಸಿ, ಸಾವ್ಕಾರನ ಪೆಟ್ಟಿಗೆಯಿಂದಲೇ ಒಂದು ಕಡ್ಡಿ ತಗಂಡು ಅದುಮಿದ.

ಫಳ್! ಪಡಸಾಲೆ ಗೋಡೆ ಎಲ್ಲ ಬೆಳ್ಳಗಾಯ್ತು. ನಾಗಕ್ಕ ಬೆಚ್ಚಿಬಿದ್ದು ನಕ್ಕೇಬಿಟ್ಳು. "ಇನ್ನೊಂದ್ಸಲ ಮಾಡು ತಮ್ಮಾ!" ಫಳ್!

"ಅದಕ್ಕೇನು, ಯಾವ್ದು ಮುಟ್ಟಿಸಿದ್ರೂ ಮಿಂಚ್ತೈತೆ," ಅಂದ ಮುರುಗೇಂದ್ರಪ್ಪ. ದನಿ ಸಣ್ಣಗಾಗಿತ್ತು.

ಅಜ್ಮತ್ ಬಳ್ಳಾರಿಯಿಂದ ವಾಪಸ್ ಬಂದಿದ್ದ ಸೀರೆಯ ಜರಿ ಎಳೆ ಇಟ್ಟು ಅದುಮಿದ. ಕೆಂಪು ದೀಪ ಉರೀತಾನೇ ಇತ್ತು. ಇನ್ನೂ ಗಟ್ಟಿ ಅದುಮಿದ. ಊಹೂಂ. ಬೆಳಕು ನೋಡಿ ಬಾಗಿಲಾಗೆ ಬಂದು ನಿಂತಿದ್ದ ನಾಲ್ಕು ಜನ ಉಸಿರು ಬಿಡದಂಗೆ ನೋಡ್ತಿದ್ರು.

"ಬೆಳ್ಳೀನೋ ತಾಮ್ರಾನೋ ಅದು ಫ್ಲಾಶಿಗೆ ತಿಳಿಯಲ್ಲ ಸಾವ್ಕಾರ್ರೇ. ಪ್ಲಾಸ್ಟಿಕ್ ಅಂದ್ರಲ್ಲ, ಅದು ಮಾತ್ರ ಚೆನ್ನಾಗಿ ತಿಳೀತೈತೆ."

"ಆಯ್ತು ಬಿಡವ್ವ ನಾಗಕ್ಕ, ನಿನ್ ಸೀರೆ ಸರಿ ಐತೆ. ಮುಂದಿನ ಸೀರೆಗೆ ನೂಲು ತಗಂಡು ಹೋಗು," ಅಂದ ಮುರುಗೇಂದ್ರಪ್ಪ, ನಾಲ್ಕು ಜನಕ್ಕೂ ಕೇಳಂಗೆ.

ನಾಗಕ್ಕ ಕದಲಲಿಲ್ಲ. ತಾನು ಉಟ್ಟಿದ್ದ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸ್ಕಂಡು, "ತಮ್ಮಾ, ಅದರಾಗೆ ಇನ್ನೂ ಚಾರ್ಜ್ ಐತಾ?" ಅಂದ್ಳು.

"ಫುಲ್ ಐತೆ ಅಕ್ಕ!"

"ಹಂಗಾದ್ರೆ ಆ ಬೀರುವಿನಾಗಿರೋ ಸೀರೆಗಳ್ನೂ ಒಂದೊಂದೇ ಮುಟ್ಟಿಸು. ಅಸಲಿ ಜರಿ ಆಲ್ಬಮ್ಮಿಗೆ ಹೋಗೋವು ಅವೇ ಅಲ್ವಾ?"

ಮುರುಗೇಂದ್ರಪ್ಪ ಹಂಗೇ ಹಿಂದಕ್ಕೆ ಸರಿದು ಬೀರುವಿನ ಬಾಗಿಲಿಗೆ ಬೆನ್ನು ಕೊಟ್ಟು ನಿಂತ. "ಅಜ್ಮತ್, ಬಸ್ಸು ತಪ್ತೈತೆ ನೋಡು. ಹೇಳಿದ್ದಕ್ಕೆ ಎರಡರಷ್ಟು ಕೊಡ್ತೀನಿ, ಕ್ಯಾಮೆರಾ ಕಟ್ಟು." ಹೊರಗೆ ಮಟಮಟ ಮಧ್ಯಾಹ್ನ. ಚಳ್ಳಕೆರೆ ಬಸ್ಸಿಗೆ ಇನ್ನೂ ಮೂರು ಗಂಟೆ ಐತೆ. ನಾಗಕ್ಕ ಬೀರು ತೋರಿಸಿದ ಕೈ ಇಳಿಸಿಲ್ಲ, ಅಜ್ಮತ್ ಅಂಗೈಯಾಗೆ ಕೆಂಪು ದೀಪ ಆರಿಲ್ಲ. ಅಜ್ಮತ್ ಜಾಗದಾಗೆ ನೀವಾಗಿದ್ರೆ ಏನ್ ಮಾಡ್ತಿದ್ರಿ, ಹೇಳ್ರಿ?